ರೂಬಿ ಜೊತೆ ಬರುವ ಜೆಮ್‌ಗಳ ವರ್ಷನ್ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊಸ ವರ್ಷನ್‌ಗೆ ಏರಿಸಿದಾಗ ಭಾಷೆಯಿಂದಲೇ ಬರುವ ತೊಂದರೆ ಕಡಿಮೆ. ಜಾಸ್ತಿ ತೊಂದರೆ ಬರುವುದು ಅದರ ಜೊತೆಗೆ ಬರುವ ಲೈಬ್ರರಿಗಳಿಂದ, ಅಂದರೆ ಸಿದ್ಧ ಕೋಡ್‌ನ ಕಟ್ಟುಗಳಿಂದ. ರೂಬಿಯಲ್ಲಿ ಇಂಥ ಕಟ್ಟಿಗೆ ಜೆಮ್ ಎಂದು ಹೆಸರು. ಮೊನ್ನೆವರೆಗೆ ತಾನಾಗೇ ಸಿಗುತ್ತಿದ್ದ ಲೈಬ್ರರಿ ಇವತ್ತು ಸಿಗುವುದಿಲ್ಲ, ಅಥವಾ ಅದೇ ಹೆಸರಿನ ಲೈಬ್ರರಿ ಬೇರೆ ಥರ ನಡೆದುಕೊಳ್ಳುತ್ತದೆ. ರೂಬಿಯಲ್ಲಿ ವೆಬ್‌ಸೈಟ್ ಕಟ್ಟಲು ರೈಲ್ಸ್, ಸಿನಾಟ್ರಾ, ಜೆಕಿಲ್ ಬಳಸುವವರಿಗೂ ಸ್ವಂತ ಜೆಮ್ ಬರೆಯುವವರಿಗೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ರೂಬಿ ವರ್ಷನ್ ಗೊತ್ತಿದ್ದರೆ ಸಾಲದಾ? ಒಳಗಿನ ಲೈಬ್ರರಿಗಳ ವರ್ಷನ್ ಯಾಕೆ ಬೇಕು?

ಸಾಲದು. ರೂಬಿ 3.3 ಅಂದರೆ ಕೋಡ್ ಓಡಿಸುವ ಇಂಟರ್‌ಪ್ರಿಟರ್ ಮಾತ್ರ ಅಲ್ಲ. ಅದರ ಜೊತೆ ಜೇಸನ್, ಯಾಮಲ್ (ಸೆಟ್ಟಿಂಗ್ ಬರೆದಿಡುವ ಒಂದು ಟೆಕ್ಸ್ಟ್ ರೂಪ) ಓದುವ ಸೈಕ್, ಎನ್‌ಕ್ರಿಪ್ಶನ್‌ಗೆ ಓಪನ್‌ಎಸ್‌ಎಸ್‌ಎಲ್, ಸಿಎಸ್‌ವಿ, ಪ್ರಾಜೆಕ್ಟ್‌ಗೆ ಬೇಕಾದ ಜೆಮ್‌ಗಳನ್ನು ಹೊಂದಿಸುವ ಬಂಡ್ಲರ್ ಹೀಗೆ ಹತ್ತಾರು ಜೆಮ್‌ಗಳು ಬರುತ್ತವೆ. ಪ್ರತಿಯೊಂದಕ್ಕೂ ತನ್ನದೇ ವರ್ಷನ್ ನಂಬರ್, ತನ್ನದೇ ರಿಲೀಸ್ ಇರುತ್ತದೆ.

ಸೈಕ್ ಒಂದನ್ನೇ ನೋಡಿ. ರೂಬಿ 3.0.0 ಜೊತೆ ಬಂದದ್ದು ಸೈಕ್ 3.3.0. 3.1.0 ಜೊತೆ 4.0.3, 3.2.0 ಜೊತೆ 5.0.1, 3.3.0 ಜೊತೆ 5.1.2, 3.4.0 ಜೊತೆ 5.2.2. ರೂಬಿ 3.0ರಿಂದ 3.1ಕ್ಕೆ ಹೋಗುವುದು ಸಣ್ಣ ಹೆಜ್ಜೆ ಅನ್ನಿಸುತ್ತದೆ. ಆದರೆ ಸೈಕ್ ಲೆಕ್ಕದಲ್ಲಿ ಅದು 3ರಿಂದ 4ಕ್ಕೆ ಹಾರಿದ ಹಾಗೆ. ಮೊದಲ ಅಂಕಿ ಬದಲಾಯಿತು ಅಂದರೆ ಹಳೆಯ ಕೋಡ್ ಮುರಿಯಬಹುದು ಎಂದೇ ಅರ್ಥ, ಅಲ್ವಾ? ರೂಬಿಯ ನಂಬರ್ ನೋಡಿದರೆ ಈ ಸುಳಿವು ಸಿಗುವುದೇ ಇಲ್ಲ.

ಡಿಫಾಲ್ಟ್ ಜೆಮ್, ಬಂಡಲ್ಡ್ ಜೆಮ್: ಎರಡಕ್ಕೂ ಏನು ವ್ಯತ್ಯಾಸ?

ಎರಡೂ ರೂಬಿ ಜೊತೆಗೇ ಬರುತ್ತವೆ. ವ್ಯತ್ಯಾಸ ಇರುವುದು ಅವುಗಳನ್ನು ನಡೆಸಿಕೊಳ್ಳುವ ರೀತಿಯಲ್ಲಿ.

ಡಿಫಾಲ್ಟ್ ಜೆಮ್‌ನ ಕೋಡ್ ರೂಬಿಯ ಸ್ವಂತ ಲೈಬ್ರರಿ ಫೋಲ್ಡರ್‌ನಲ್ಲೇ ಇರುತ್ತದೆ. ಅದನ್ನು ಅನ್‌ಇನ್‌ಸ್ಟಾಲ್ ಮಾಡಲು ಹೊರಟರೆ, ಇದು ಡಿಫಾಲ್ಟ್ ಜೆಮ್, ತೆಗೆಯಲು ಆಗುವುದಿಲ್ಲ ಎಂಬ ಉತ್ತರ ಬರುತ್ತದೆ. ಹೊಸ ವರ್ಷನ್ ಅನ್ನು ಮೇಲೆ ಇನ್‌ಸ್ಟಾಲ್ ಮಾಡಬಹುದು, ಹಳೆಯದು ಕೆಳಗೆ ಹಾಗೇ ಉಳಿಯುತ್ತದೆ. ಜೆಮ್‌ಫೈಲ್‌ನಲ್ಲಿ (ಪ್ರಾಜೆಕ್ಟ್‌ಗೆ ಬೇಕಾದ ಜೆಮ್‌ಗಳ ಪಟ್ಟಿ) ಬರೆಯದಿದ್ದರೂ, ಕೋಡ್‌ನಲ್ಲಿ ರಿಕ್ವೈರ್ ಮಾಡಿದರೆ, ಅಂದರೆ ಲೋಡ್ ಮಾಡು ಎಂದರೆ, ಸಿಗುತ್ತದೆ.

ಬಂಡಲ್ಡ್ ಜೆಮ್ ಹಾಗಲ್ಲ. ರೂಬಿ ಇನ್‌ಸ್ಟಾಲ್ ಆಗುವಾಗ ಅದೂ ಮಾಮೂಲಿ ಜೆಮ್‌ನಂತೆ ಜೆಮ್‌ಗಳ ಫೋಲ್ಡರ್‌ಗೆ ಹೋಗಿ ಕೂರುತ್ತದೆ. ಬೇಡ ಅಂದರೆ ತೆಗೆದುಹಾಕಬಹುದು. ಮುಖ್ಯವಾದದ್ದು ಇದು: ಬಂಡ್ಲರ್ ಕೆಳಗೆ ಓಡುವ ಪ್ರೋಗ್ರಾಂಗೆ ಬಂಡಲ್ಡ್ ಜೆಮ್ ಬೇಕಿದ್ದರೆ ಅದರ ಹೆಸರು ಜೆಮ್‌ಫೈಲ್‌ನಲ್ಲಿ ಇರಲೇಬೇಕು. ಡಿಸ್ಕ್ ಮೇಲೆ ಫೈಲ್ ಇದ್ದರೂ ಬಂಡ್ಲರ್ ಅದನ್ನು ಕಾಣಿಸುವುದಿಲ್ಲ.

ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ಒಂದು ನಿಯಮದಿಂದ.

ಎಲ್ಲವನ್ನೂ ಒಳಗೇ ಇಟ್ಟಿದ್ದರೆ ಆಗುತ್ತಿರಲಿಲ್ಲವಾ? ಯಾಕೆ ಒಂದೊಂದಾಗಿ ಹೊರಗೆ ತರುತ್ತಿದ್ದಾರೆ?

ಮೊದಲ ಕಾರಣ ಭದ್ರತೆ. ಲೈಬ್ರರಿ ರೂಬಿಯ ಒಳಗೇ ಹುದುಗಿದ್ದರೆ, ಅದರಲ್ಲಿ ಒಂದು ದೋಷ ಸಿಕ್ಕಾಗ ಇಡೀ ರೂಬಿಯನ್ನೇ ಹೊಸದಾಗಿ ರಿಲೀಸ್ ಮಾಡಬೇಕು, ಬಳಸುವವರು ಇಡೀ ರೂಬಿಯನ್ನೇ ಮತ್ತೆ ಹಾಕಬೇಕು. ಜೆಮ್ ಆಗಿದ್ದರೆ ಅದೊಂದನ್ನು ಅಪ್‌ಡೇಟ್ ಮಾಡಿದರೆ ಮುಗಿಯಿತು.

ಎರಡನೆಯದು ನೋಡಿಕೊಳ್ಳುವ ಜನ. ಕೆಲವು ಲೈಬ್ರರಿಗಳಿಗೆ ವರ್ಷಗಟ್ಟಲೆ ಯಾರೂ ದಿಕ್ಕಿರಲಿಲ್ಲ. ಬೇರೆ ಜೆಮ್ ಮಾಡಿದರೆ ಆಸಕ್ತಿ ಇರುವವರು ಮುಂದೆ ಬಂದು ತಮ್ಮ ವೇಗದಲ್ಲಿ ಕೆಲಸ ಮಾಡಬಹುದು. ಈ ಬೇರ್ಪಡಿಸುವ ಕೆಲಸವನ್ನು ರೂಬಿಯ ಕೋಡ್ ಬದಲಿಸುವ ಅಧಿಕಾರ ಇರುವ ಕಮಿಟರ್ ಹಿರೋಶಿ ಶಿಬಾತಾ ವರ್ಷಗಳಿಂದ ತಾಳ್ಮೆಯಿಂದ ಮಾಡಿಕೊಂಡು ಬಂದಿದ್ದಾರೆ. ಹೊರಗಿನಿಂದ ಅಷ್ಟಾಗಿ ಕಾಣದ ಕೆಲಸ ಇದು. ನನ್ನ ಮಟ್ಟಿಗೆ ರೂಬಿ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಯಾವ ರಿಲೀಸ್‌ನಲ್ಲಿ ಏನೇನು ಬದಲಾಯಿತು?

2013ರಿಂದ ರೂಬಿಯ ಹೊಸ ವರ್ಷನ್ ಪ್ರತಿ ವರ್ಷ ಡಿಸೆಂಬರ್ 25ಕ್ಕೆ ಬರುತ್ತದೆ. ಹಾಗಾಗಿ ಲೆಕ್ಕ ಇಡುವುದು ಸುಲಭ.

2.2ರಲ್ಲಿ ಮಿನಿಟೆಸ್ಟ್, ಟೆಸ್ಟ್-ಯೂನಿಟ್ ಬಂಡಲ್ಡ್ ಜೆಮ್ ಆದವು. 2.6ರಲ್ಲಿ ಬಂಡ್ಲರ್ ತಾನೇ ರೂಬಿಯ ಒಳಗೆ ಬಂತು, ಆಗಿನ ವರ್ಷನ್ 1.17.2. ಅಲ್ಲಿಯವರೆಗೆ ಹೊಸ ಮೆಷಿನ್ ಸಿಕ್ಕಾಗ ಮೊದಲ ಕೆಲಸವೇ ಬಂಡ್ಲರ್ ಇನ್‌ಸ್ಟಾಲ್ ಮಾಡುವುದಾಗಿತ್ತು.

2020ರ 3.0ರಲ್ಲಿ ಎಕ್ಸ್‌ಎಂಎಲ್ ಓದುವ ರೆಕ್ಸ್‌ಎಂಎಲ್ ಮತ್ತು ಆರ್‌ಎಸ್‌ಎಸ್ ಡಿಫಾಲ್ಟ್‌ನಿಂದ ಬಂಡಲ್ಡ್‌ಗೆ ಇಳಿದವು. ವೆಬ್ರಿಕ್ ಎಂಬ ಚಿಕ್ಕ ವೆಬ್ ಸರ್ವರ್ ಅಂತೂ ರೂಬಿಯಿಂದ ಪೂರ್ತಿ ಹೊರಗೆ ಹೋಯಿತು. ಆಗ ಪೆಟ್ಟು ತಿಂದವರು ಜೆಕಿಲ್ ಬಳಸುವವರು. ಸೈಟ್ ಅನ್ನು ತಮ್ಮ ಮೆಷಿನ್‌ನಲ್ಲಿ ನೋಡಲು ಜೆಕಿಲ್ ಸರ್ವ್ ಕೊಟ್ಟರೆ ವೆಬ್ರಿಕ್ ಸಿಗುತ್ತಿಲ್ಲ ಎಂಬ ಎರರ್. ಜೆಮ್‌ಫೈಲ್‌ಗೆ ವೆಬ್ರಿಕ್ ಸೇರಿಸಿದರೆ ಸರಿಹೋಗುತ್ತಿತ್ತು.

2021ರ 3.1ರಲ್ಲಿ ಬಂಡಲ್ಡ್ ಆದವು ನೆಟ್-ಎಫ್‌ಟಿಪಿ, ನೆಟ್-ಐಮ್ಯಾಪ್, ನೆಟ್-ಪಾಪ್, ನೆಟ್-ಎಸ್‌ಎಂಟಿಪಿ, ಮ್ಯಾಟ್ರಿಕ್ಸ್, ಪ್ರೈಮ್. ಮೇಲ್ ಜೆಮ್‌ನ ಆಗಿನ 2.7 ಸಾಲಿನ ವರ್ಷನ್ ಬಳಸುತ್ತಿದ್ದ ರೈಲ್ಸ್ ಆ್ಯಪ್‌ಗಳು ನೆಟ್-ಎಸ್‌ಎಂಟಿಪಿ ಇಲ್ಲದೆ ಬೂಟ್ ಆಗದೇ ನಿಂತವು. ಮೇಲ್ 2.8 ಈ ಜೆಮ್‌ಗಳನ್ನು ತನ್ನ ಡಿಪೆಂಡೆನ್ಸಿಗಳಲ್ಲಿ (ತನಗೆ ಬೇಕಾದ ಬೇರೆ ಜೆಮ್‌ಗಳ ಪಟ್ಟಿ) ಬರೆದುಕೊಂಡ ಮೇಲೆ ಆ ತಲೆನೋವು ಹೋಯಿತು.

3.3ರಲ್ಲಿ ರ್‍ಯಾಕ್ (racc) ಎಂಬ, ಕೋಡ್ ಓದುವ ಪ್ರೋಗ್ರಾಂ ತಯಾರಿಸಿಕೊಡುವ ಪಾರ್ಸರ್ ಜನರೇಟರ್ ಬಂಡಲ್ಡ್ ಆಯಿತು. ರೂಬಿ ಕೋಡ್ ಓದುವ ಪ್ರಿಸಂ ಹೊಸದಾಗಿ ಡಿಫಾಲ್ಟ್ ಜೆಮ್ ಆಗಿ ಒಳಗೆ ಬಂತು.

2024ರ 3.4ರಲ್ಲಿ ದೊಡ್ಡ ಗುಂಪೇ ಬಂಡಲ್ಡ್‌ಗೆ ಹೋಯಿತು. ಸಿಎಸ್‌ವಿ, ಬೇಸ್64, ಬಿಗ್‌ಡೆಸಿಮಲ್, ಡಿಆರ್‌ಬಿ, ಮ್ಯೂಟೆಕ್ಸ್-ಎಂ, ಅಬ್ಸರ್ವರ್, ಗೆಟ್‌ಆಪ್ಟ್‌ಲಾಂಗ್, ಅಬ್ರೆವ್, ರಿಂಡಾ, ರಿಸಾಲ್ವ್-ರಿಪ್ಲೇಸ್, ಎನ್‌ಕೆಎಫ್, ಸಿಸ್‌ಲಾಗ್, ಒಟ್ಟು 12. ಇವುಗಳಲ್ಲಿ ಸಿಎಸ್‌ವಿ ಮತ್ತು ಬೇಸ್64 ಮುಟ್ಟದ ಪ್ರಾಜೆಕ್ಟ್ ಸಿಗುವುದೇ ಅಪರೂಪ.

2025ರ ಡಿಸೆಂಬರ್‌ನ 4.0ರಲ್ಲಿ ಓಸ್ಟ್ರಕ್ಟ್, ಪಿಸ್ಟೋರ್, ಬೆಂಚ್‌ಮಾರ್ಕ್, ಲಾಗರ್, ಆರ್‌ಡಾಕ್, ಐಆರ್‌ಬಿ, ರೀಲೈನ್, ರೀಡ್‌ಲೈನ್, ಫಿಡಲ್, ವಿನ್32ಓಎಲ್‌ಇ ಇದೇ ದಾರಿ ಹಿಡಿದವು. ಇದರಲ್ಲಿ ಲಾಗ್ ಬರೆಯುವ ಲಾಗರ್ ಬಗ್ಗೆ ಹುಷಾರಾಗಿರಿ. ಅದನ್ನು ಎಲ್ಲರೂ ಬಳಸುತ್ತಾರೆ, ಜೆಮ್‌ಫೈಲ್‌ನಲ್ಲಿ ಮಾತ್ರ ಯಾರೂ ಬರೆದಿರುವುದಿಲ್ಲ.

ನನ್ನ ಮೆಷಿನ್‌ನಲ್ಲಿ ಯಾವ ವರ್ಷನ್ ಇದೆ ಅಂತ ನೋಡುವುದು ಹೇಗೆ?

ಟರ್ಮಿನಲ್‌ನಲ್ಲಿ ಜೆಮ್ ಲಿಸ್ಟ್ ಅಂತ ಕೊಡಿ. ರೂಬಿ 3.3.0ರಲ್ಲಿ ಸಿಎಸ್‌ವಿ ಸಾಲಿನ ಮುಂದೆ ಕಂಸದೊಳಗೆ ಡಿಫಾಲ್ಟ್ 3.2.8 ಅಂತ ಕಾಣುತ್ತದೆ. ಜೇಸನ್‌ನ ಹೊಸ ವರ್ಷನ್ ನೀವೇ ಹಾಕಿಕೊಂಡಿದ್ದರೆ ಅದೇ ಸಾಲಿನಲ್ಲಿ ಎರಡು ನಂಬರ್ ಇರುತ್ತವೆ: ಮೊದಲು ನೀವು ಹಾಕಿದ್ದು, ಆಮೇಲೆ ಡಿಫಾಲ್ಟ್ ಎಂಬ ಗುರುತಿನ ಜೊತೆ ರೂಬಿಯೊಂದಿಗೆ ಬಂದ 2.7.1. ಡಿಫಾಲ್ಟ್ ಗುರುತು ಇಲ್ಲದ ಸಾಲುಗಳಲ್ಲಿ ಬಂಡಲ್ಡ್ ಜೆಮ್‌ಗಳೂ ನೀವು ಹಾಕಿದ ಜೆಮ್‌ಗಳೂ ಬೆರೆತಿರುತ್ತವೆ. ಹೀಗಾಗಿ ಶುದ್ಧ ಪಟ್ಟಿ ಬೇಕಿದ್ದರೆ ಏನೂ ಹಾಕದ ಹೊಸ ರೂಬಿಯಲ್ಲೇ ನೋಡಬೇಕು. ಡಾಕರ್‌ನ (ಪ್ರೋಗ್ರಾಂ ಅನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಟೂಲ್) ಅಧಿಕೃತ ರೂಬಿ ಇಮೇಜ್ ಇದಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ದಾರಿಯೂ ಇದೆ. ಜೆಮ್‌ಗಳ ಫೋಲ್ಡರ್ ಹೊಕ್ಕು, ಸ್ಪೆಸಿಫಿಕೇಷನ್ಸ್ ಒಳಗಿನ ಡಿಫಾಲ್ಟ್ ಫೋಲ್ಡರ್ ತೆರೆಯಿರಿ. ಪ್ರತಿ ಡಿಫಾಲ್ಟ್ ಜೆಮ್‌ಗೂ ಅದರ ವಿವರ ಹೇಳುವ ಒಂದು ಜೆಮ್‌ಸ್ಪೆಕ್ ಫೈಲ್ ಇರುತ್ತದೆ, ವರ್ಷನ್ ಫೈಲಿನ ಹೆಸರಿನಲ್ಲೇ ಇರುತ್ತದೆ. ಯಾವ ಕಮಾಂಡೂ ಬೇಡ, ಫೈಲ್ ಹೆಸರು ಓದಿದರೆ ಸಾಕು.

ಓಡುತ್ತಿರುವ ಪ್ರೋಗ್ರಾಂ ಒಳಗೆ ಯಾವುದು ಲೋಡ್ ಆಗಿದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಬಹುತೇಕ ಲೈಬ್ರರಿಗಳಲ್ಲಿ ವರ್ಷನ್ ಎಂಬ ಕಾನ್ಸ್ಟಂಟ್ ಇರುತ್ತದೆ, ಅದನ್ನು ಪ್ರಿಂಟ್ ಮಾಡಿ. ಜೆಮ್ ಮಾಡ್ಯೂಲ್‌ನ ಲೋಡೆಡ್ ಸ್ಪೆಕ್ಸ್ ನೋಡಿದರೆ ಆ ಕ್ಷಣಕ್ಕೆ ಸಕ್ರಿಯವಾಗಿರುವ ಎಲ್ಲ ಜೆಮ್‌ಗಳೂ ಸಿಗುತ್ತವೆ. ಪ್ರೊಡಕ್ಷನ್‌ನಲ್ಲಿ ಏನೋ ಎಡವಟ್ಟಾದಾಗ ನಾನು ಮೊದಲು ನೋಡುವುದು ಇದನ್ನೇ. ಜೆಮ್ ಲಿಸ್ಟ್ ಹೇಳುವುದು ಡಿಸ್ಕ್‌ನಲ್ಲಿ ಏನಿದೆ ಅಂತ ಮಾತ್ರ.

ಇನ್ನೂ ಇನ್‌ಸ್ಟಾಲ್ ಮಾಡದ ರೂಬಿಯೊಳಗೆ ಏನಿದೆ ಅಂತ ತಿಳಿಯಬಹುದಾ?

ಬಹುದು. ರೂಬಿಯ ಸೋರ್ಸ್‌ನಲ್ಲಿ ಜೆಮ್ಸ್ ಎಂಬ ಫೋಲ್ಡರ್ ಇದೆ, ಅದರೊಳಗೆ ಬಂಡಲ್ಡ್ ಜೆಮ್ಸ್ ಎಂಬ ಚಿಕ್ಕ ಟೆಕ್ಸ್ಟ್ ಫೈಲ್. ಒಂದು ಸಾಲಿಗೆ ಒಂದು ಜೆಮ್: ಹೆಸರು, ವರ್ಷನ್, ಅದರ ರೆಪೊಸಿಟರಿ ವಿಳಾಸ. ಬೇಕಾದ ರಿಲೀಸ್‌ನ ಟ್ಯಾಗ್‌ಗೆ ಹೋಗಿ ಈ ಫೈಲ್ ತೆರೆದರೆ ಬಂಡಲ್ಡ್ ಪಟ್ಟಿ ಕೈಗೆ ಸಿಕ್ಕಿತು.

ಡಿಫಾಲ್ಟ್ ಜೆಮ್‌ಗಳಿಗೆ ಇಂಥ ಒಂದೇ ಫೈಲ್ ಇಲ್ಲ. ಅವುಗಳ ಜೆಮ್‌ಸ್ಪೆಕ್‌ಗಳು ಲಿಬ್ ಮತ್ತು ಎಕ್ಸ್ಟ್ ಫೋಲ್ಡರ್‌ಗಳಲ್ಲಿ ಚದುರಿವೆ. ಪ್ರತಿ ರಿಲೀಸ್‌ನ ನ್ಯೂಸ್ ಫೈಲ್‌ನಲ್ಲಿ ಯಾವ ಜೆಮ್ ಯಾವ ವರ್ಷನ್‌ಗೆ ಏರಿತು ಎಂದು ಬರೆದಿರುತ್ತಾರೆ, ಆದರೆ ಬದಲಾದವು ಮಾತ್ರ ಅಲ್ಲಿ ಬರುತ್ತವೆ. ಎಲ್ಲ ರಿಲೀಸ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿದ್ದರೆ ಎಸ್‌ಟಿಡಿಜೆಮ್ಸ್ ಎಂಬ ತಾಣ ಇದೆ.

ಒಂದೇ ಜೆಮ್‌ನ ಎರಡು ವರ್ಷನ್ ಇದ್ದರೆ ಯಾವುದು ಲೋಡ್ ಆಗುತ್ತದೆ?

ಬಂಡ್ಲರ್ ಇಲ್ಲದೆ ಓಡಿಸಿದರೆ ಇರುವುದರಲ್ಲಿ ಹೊಸದು. ನೀವು ಜೇಸನ್ ರಿಕ್ವೈರ್ ಮಾಡಿದ ಕೂಡಲೇ, ಜೆಮ್‌ಗಳನ್ನು ಹಾಕುವ ಮತ್ತು ಲೋಡ್ ಮಾಡುವ ರೂಬಿಜೆಮ್ಸ್, ಇದು ಡಿಫಾಲ್ಟ್ ಜೆಮ್‌ಗೆ ಸೇರಿದ ಫೈಲ್ ಎಂದು ಗುರುತಿಸುತ್ತದೆ, ಆಮೇಲೆ ಮೆಷಿನ್‌ನಲ್ಲಿರುವ ಜೇಸನ್‌ಗಳಲ್ಲಿ ಅತಿ ಹೊಸದನ್ನು ಸಕ್ರಿಯ ಮಾಡುತ್ತದೆ.

ಬಂಡ್ಲರ್ ಇದ್ದರೆ ಜೆಮ್‌ಫೈಲ್ ಲಾಕ್ (ಯಾವ ಜೆಮ್‌ನ ಯಾವ ವರ್ಷನ್ ಎಂದು ಬಂಡ್ಲರ್ ಬರೆದಿಡುವ ಫೈಲ್) ಹೇಳಿದ್ದೇ ಅಂತಿಮ. ಲಾಕ್‌ನಲ್ಲಿ ಆ ಜೆಮ್ ಇಲ್ಲವೇ ಇಲ್ಲ ಅಂದರೆ ಮಾತ್ರ ರೂಬಿ ಜೊತೆ ಬಂದ ಡಿಫಾಲ್ಟ್ ವರ್ಷನ್ ಲೋಡ್ ಆಗುತ್ತದೆ.

ಒಂದು ವರ್ಷನ್ ಆಗಲೇ ಸಕ್ರಿಯ ಆಗಿದೆ, ಜೆಮ್‌ಫೈಲ್ ಬೇರೆ ವರ್ಷನ್ ಕೇಳುತ್ತಿದೆ ಎಂಬ ಎರರ್ ಯಾಕೆ ಬರುತ್ತದೆ?

ಸ್ಟ್ರಿಂಗ್‌ಐಒ, ಸ್ಟ್ರಿಂಗ್‌ಸ್ಕ್ಯಾನರ್, ಬೇಸ್64 ಜೆಮ್‌ಗಳ ಹೆಸರಿನಲ್ಲಿ ಈ ಎರರ್ ಬಂದು ಅರ್ಧ ದಿನ ತಿಂದು ಹಾಕಿದ ಉದಾಹರಣೆ ಬೇಕಾದಷ್ಟಿವೆ. ಆಗುವುದು ಇಷ್ಟೇ. ನಿಮ್ಮ ಆ್ಯಪ್ ಶುರುವಾಗುವ ಮೊದಲು ಇನ್ನೊಂದು ಪ್ರೋಗ್ರಾಂ, ಅಂದರೆ ಆ್ಯಪ್ ಸರ್ವರ್ ಅಥವಾ ಯಾವುದೋ ಕಮಾಂಡ್, ಸ್ಟ್ರಿಂಗ್‌ಐಒ ರಿಕ್ವೈರ್ ಮಾಡಿಬಿಟ್ಟಿರುತ್ತದೆ. ಆಗ ಡಿಫಾಲ್ಟ್ ವರ್ಷನ್ ಸಕ್ರಿಯವಾಗುತ್ತದೆ. ಆಮೇಲೆ ಬಂಡ್ಲರ್ ಬಂದು ಲಾಕ್‌ನಲ್ಲಿರುವ ಹೊಸ ವರ್ಷನ್ ಕೊಡು ಅನ್ನುತ್ತದೆ. ಒಂದೇ ಪ್ರೋಸೆಸ್‌ನಲ್ಲಿ ಒಂದು ಜೆಮ್‌ನ ಎರಡು ವರ್ಷನ್ ಇರಲು ಆಗುವುದಿಲ್ಲ.

ಮೊದಲು ಬಂಡಲ್ ಎಕ್ಸೆಕ್ ಜೊತೆ, ಅಂದರೆ ಬಂಡ್ಲರ್ ಮೂಲಕವೇ, ಓಡಿಸಿ ನೋಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸರ್ವರ್ ನಿಮ್ಮ ಹಿಡಿತದಲ್ಲಿ ಇಲ್ಲದಿದ್ದರೆ, ಲಾಕ್‌ನಲ್ಲಿರುವ ವರ್ಷನ್ ಅನ್ನೇ ಆ ಮೆಷಿನ್‌ನಲ್ಲಿ ಜೆಮ್ ಇನ್‌ಸ್ಟಾಲ್ ಮಾಡಿ. ಬಂಡ್ಲರ್ ಇಲ್ಲದಾಗ ಅತಿ ಹೊಸದೇ ಲೋಡ್ ಆಗುವುದರಿಂದ ಎರಡೂ ಹೊಂದಿಕೊಳ್ಳುತ್ತವೆ. ಅದೂ ಆಗದಿದ್ದರೆ ಜೆಮ್‌ಫೈಲ್‌ನಲ್ಲಿ ಆ ಜೆಮ್ ಅನ್ನು ರೂಬಿ ಜೊತೆ ಬಂದ ವರ್ಷನ್‌ಗೆ ಕಟ್ಟಿಹಾಕಿ. ಈ ಕೊನೆಯ ದಾರಿ ಹಿಡಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಆ ಸಾಲನ್ನು ತೆಗೆಯುವುದು ಮರೆಯಬೇಡಿ. ಯಾಕೆ ಹಾಕಿದ್ದು ಅಂತ ಪಕ್ಕದಲ್ಲೇ ಒಂದು ಕಾಮೆಂಟ್ ಬರೆದಿಡಿ.

ಇದೇ ಜಗಳ ತಪ್ಪಿಸಲಿಕ್ಕೆ ಬಂಡ್ಲರ್ ಮತ್ತು ರೂಬಿಜೆಮ್ಸ್ ತಮಗೆ ಬೇಕಾದ ಥಾರ್ (ಕಮಾಂಡ್‌ಗಳನ್ನು ಕಟ್ಟುವ ಜೆಮ್), ಯುಆರ್‌ಐ (ವೆಬ್ ವಿಳಾಸ ಓದುವ ಜೆಮ್) ಮುಂತಾದವುಗಳ ಪ್ರತಿಗಳನ್ನು ಬೇರೆ ಹೆಸರಿನಡಿ ತಮ್ಮೊಳಗೇ ಇಟ್ಟುಕೊಂಡಿವೆ. ಹೀಗಾಗಿ ರೂಬಿ ಜೊತೆ ಬರುವ ಯುಆರ್‌ಐ ಬೇರೆ, ಬಂಡ್ಲರ್ ಹೊಟ್ಟೆಯೊಳಗಿನ ಯುಆರ್‌ಐ ಬೇರೆ. ಸೆಕ್ಯುರಿಟಿ ಸ್ಕ್ಯಾನರ್ ಒಂದೇ ಲೈಬ್ರರಿಯನ್ನು ಎರಡೆರಡು ಕಡೆ ತೋರಿಸಿದರೆ ಗಾಬರಿಯಾಗಬೇಡಿ, ಕಾರಣ ಇದು.

ಐಆರ್‌ಬಿಯಲ್ಲಿ ಸಿಎಸ್‌ವಿ ಕೆಲಸ ಮಾಡುತ್ತದೆ, ಆ್ಯಪ್‌ನಲ್ಲಿ ಸಿಗುತ್ತಿಲ್ಲ. ಯಾಕೆ?

ರೂಬಿ 3.4 ಬಳಸುತ್ತಿದ್ದೀರಿ, ಅಲ್ವಾ? ಸುಮ್ನೆ ಐಆರ್‌ಬಿ (ಕೋಡ್ ಅನ್ನು ಸಾಲುಸಾಲಾಗಿ ಓಡಿಸಿ ನೋಡುವ ರೂಬಿ ಕನ್ಸೋಲ್) ತೆರೆದರೆ ಬಂಡ್ಲರ್ ಇರುವುದಿಲ್ಲ. ಜೆಮ್‌ಗಳ ಫೋಲ್ಡರ್‌ನಲ್ಲಿ ಸಿಎಸ್‌ವಿ ಇದೆ, ಸಿಕ್ಕಿತು. ಆ್ಯಪ್ ಬಂಡ್ಲರ್ ಕೆಳಗೆ ಓಡುತ್ತದೆ, ಜೆಮ್‌ಫೈಲ್‌ನಲ್ಲಿ ಸಿಎಸ್‌ವಿ ಇಲ್ಲ, ಸಿಗಲಿಲ್ಲ. ಬಂಡಲ್ ಆ್ಯಡ್ ಸಿಎಸ್‌ವಿ ಅಂತ ಕೊಡಿ, ಮುಗಿಯಿತು.

ಮುಂದಿನ ವರ್ಷನ್‌ನಲ್ಲಿ ಡಿಫಾಲ್ಟ್ ಜೆಮ್ ಆಗಿ ಇರುವುದಿಲ್ಲ ಎಂಬ ವಾರ್ನಿಂಗ್ ಬರುತ್ತಿದೆ. ಬಿಟ್ಟುಬಿಡಬಹುದಾ?

ಬಿಡಬೇಡಿ. ಇದಕ್ಕಿಂತ ಅಗ್ಗದ ಎಚ್ಚರಿಕೆ ಇನ್ನೊಂದು ಸಿಗುವುದಿಲ್ಲ. ಒಂದು ವರ್ಷ ಮೊದಲೇ ಹೇಳುತ್ತಿದೆ.

3.3ರಲ್ಲಿ ಜೆಮ್‌ಫೈಲ್‌ನಲ್ಲಿ ಬರೆಯದೆ ಸಿಎಸ್‌ವಿ ರಿಕ್ವೈರ್ ಮಾಡಿದರೆ, ಇದು ಸ್ಟ್ಯಾಂಡರ್ಡ್ ಲೈಬ್ರರಿಯಿಂದ ಲೋಡ್ ಆಗಿದೆ, 3.4.0ರಿಂದ ಡಿಫಾಲ್ಟ್ ಜೆಮ್ ಆಗಿರುವುದಿಲ್ಲ, ಜೆಮ್‌ಫೈಲ್ ಅಥವಾ ಜೆಮ್‌ಸ್ಪೆಕ್‌ಗೆ ಸೇರಿಸಿ ಎಂದು ಬರುತ್ತದೆ. 3.4ರಲ್ಲಿ ಓಸ್ಟ್ರಕ್ಟ್, ಲಾಗರ್ ಮುಂತಾದವುಗಳಿಗೆ ಇದೇ ಮಾತು. ಅಲ್ಲಿ ಮುಂದಿನ ವರ್ಷನ್ 3.5.0 ಎಂದು ಬರೆದಿತ್ತು. ಕೊನೆಗೆ ಆ ರಿಲೀಸ್ 4.0 ಎಂಬ ಹೆಸರಿನಲ್ಲಿ ಬಂತು. ಹಳೆಯ ಲಾಗ್‌ನಲ್ಲಿ 3.5.0 ಕಂಡರೆ ಅದನ್ನು 4.0 ಎಂದೇ ಓದಿಕೊಳ್ಳಿ.

ರಿಕ್ವೈರ್ ಮಾಡಿದ್ದು ನೀವಲ್ಲ, ಬೇರೆ ಯಾವುದೋ ಜೆಮ್ ಅಂದರೆ ಅದರ ಹೆಸರನ್ನೂ ವಾರ್ನಿಂಗ್ ಹೇಳುತ್ತದೆ. ಆಗ ಮೊದಲು ಆ ಜೆಮ್ ಅಪ್‌ಡೇಟ್ ಮಾಡಿ ನೋಡಿ. ಸರಿಯಾಗದಿದ್ದರೆ ನಿಮ್ಮ ಜೆಮ್‌ಫೈಲ್‌ನಲ್ಲೇ ಸೇರಿಸಿ, ಅವರಿಗೆ ಒಂದು ಇಶ್ಯೂ ಹಾಕಿ.

ಈ ವಾರ್ನಿಂಗ್ ಬಂಡ್ಲರ್ ಕೆಳಗೆ ಓಡಿಸಿದಾಗ ಮಾತ್ರ ಬರುತ್ತದೆ. ಟೆಸ್ಟ್‌ಗಳನ್ನು ಬಂಡಲ್ ಎಕ್ಸೆಕ್ ಇಲ್ಲದೆ ಓಡಿಸಿ ಯಾವ ವಾರ್ನಿಂಗೂ ಇಲ್ಲ ಅಂತ ನಿಶ್ಚಿಂತೆಯಿಂದ ಕೂರಬೇಡಿ.

ರೂಬಿ 3.1ಕ್ಕೆ ಹೋದ ಮೇಲೆ ಡೇಟಾಬೇಸ್ ಯಾಮಲ್ ಫೈಲ್ ಓದಲಾಗುತ್ತಿಲ್ಲ. ಡಿಫಾಲ್ಟ್ ಎಂಬ ಏಲಿಯಸ್ ಗೊತ್ತಿಲ್ಲ ಅನ್ನುತ್ತದೆ. ಏನಾಯಿತು?

ಸೈಕ್ 4ರ ಕೆಲಸ ಇದು. ಯಾಮಲ್ ಫೈಲ್‌ನೊಳಗೆ ಯಾವ ರೂಬಿ ಆಬ್ಜೆಕ್ಟ್ ಬೇಕಾದರೂ ಅಡಗಿಸಿಡಬಹುದು. ನಂಬಲಾಗದ ಫೈಲ್ ಅನ್ನು ಹಾಗೇ ಲೋಡ್ ಮಾಡಿದರೆ ಅಪಾಯ. ಹೀಗಾಗಿ 4.0ರಿಂದ ಯಾಮಲ್‌ನ ಮಾಮೂಲಿ ಲೋಡ್ ಮೆಥಡ್ ಸುರಕ್ಷಿತ ರೀತಿಯಲ್ಲಿ ಓದತೊಡಗಿತು. ಸುರಕ್ಷಿತ ರೀತಿಯಲ್ಲಿ ಏಲಿಯಸ್‌ಗೆ, ಅಂದರೆ ಒಮ್ಮೆ ಬರೆದ ತುಂಡನ್ನು ಬೇರೆ ಕಡೆ ಹೆಸರಿನಿಂದ ಎಳೆದುಕೊಳ್ಳುವುದಕ್ಕೆ, ಅವಕಾಶ ಇಲ್ಲ. ದಿನಾಂಕದಂಥ ಆಬ್ಜೆಕ್ಟ್‌ಗಳಿಗೂ ನೀವೇ ಅನುಮತಿ ಕೊಡಬೇಕು.

ರೈಲ್ಸ್‌ನ ಡೇಟಾಬೇಸ್ ಫೈಲ್ ತೆರೆದು ನೋಡಿ. ಮೇಲೆ ಡಿಫಾಲ್ಟ್ ಎಂಬ ಒಂದು ತುಂಡು: ಅಡಾಪ್ಟರ್, ಎನ್‌ಕೋಡಿಂಗ್, ಪೂಲ್. ಕೆಳಗೆ ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್. ಪ್ರತಿಯೊಂದೂ ಮೊದಲ ಸಾಲಿನಲ್ಲೇ ಆ ಡಿಫಾಲ್ಟ್ ತುಂಡನ್ನು ಏಲಿಯಸ್ ಮೂಲಕ ಎಳೆದುಕೊಳ್ಳುತ್ತದೆ. ಫೈಲ್ ಬದಲಾಗಿಲ್ಲ, ರೈಲ್ಸ್ ಬದಲಾಗಿಲ್ಲ, ನಿಮ್ಮ ಕೋಡೂ ಬದಲಾಗಿಲ್ಲ. ರೂಬಿಯನ್ನು 3.0ರಿಂದ 3.1 ಮಾಡಿದ ಕೂಡಲೇ ಹಳೆಯ ರೈಲ್ಸ್ ಬೂಟ್ ಆಗುವುದಿಲ್ಲ.

ಸರಿಯಾದ ಪರಿಹಾರ ರೈಲ್ಸ್ ಅಪ್‌ಡೇಟ್ ಮಾಡುವುದು. ನಿಮ್ಮ ಸ್ವಂತ ಕೋಡ್‌ನಲ್ಲಿ ಯಾಮಲ್ ಓದುತ್ತಿದ್ದರೆ, ಏಲಿಯಸ್ ಬೇಕು, ಈ ಈ ಕ್ಲಾಸ್ ಬೇಕು ಎಂದು ಲೋಡ್ ಮಾಡುವಾಗಲೇ ತಿಳಿಸಿ. ಸದ್ಯಕ್ಕೆ ಉಸಿರಾಡಲು ಜಾಗ ಬೇಕಿದ್ದರೆ ಜೆಮ್‌ಫೈಲ್‌ನಲ್ಲಿ ಸೈಕ್ ಅನ್ನು 4ಕ್ಕಿಂತ ಕೆಳಗೆ ನಿಲ್ಲಿಸಬಹುದು. ಡಿಫಾಲ್ಟ್ ಜೆಮ್ ಆದರೂ ಜೆಮ್‌ಫೈಲ್ ಮಾತು ನಡೆಯುತ್ತದೆ. ಎಲ್ಲ ಕಡೆ ಅಸುರಕ್ಷಿತ ಲೋಡ್ ಎಂದು ಬದಲಾಯಿಸಿ ಕೈತೊಳೆದುಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಳಕೆದಾರರು ಕಳಿಸುವ ಯಾಮಲ್ ಓದುವ ಜಾಗದಲ್ಲಂತೂ ಅದನ್ನು ಮಾಡಲೇಬಾರದು.

ರೂಬಿ ಬದಲಾಗಿಲ್ಲ, ಆದರೂ ಲಾಗರ್ ಎಂಬ ಕಾನ್ಸ್ಟಂಟ್ ಸಿಗುತ್ತಿಲ್ಲ ಎಂದು ರೈಲ್ಸ್ ನಿಂತುಹೋಗಿದೆ. ಇದಕ್ಕೂ ಈ ವಿಷಯಕ್ಕೂ ಸಂಬಂಧ ಇದೆಯಾ?

ಇದೆ, ಬಹಳ ಹತ್ತಿರದ ಸಂಬಂಧ. 2025ರ ಜನವರಿಯಲ್ಲಿ, ರೈಲ್ಸ್ ಬಳಸುವ ಕನ್ಕರೆಂಟ್-ರೂಬಿ ಜೆಮ್‌ನ 1.3.5 ಬಂತು. ಆ ವರ್ಷನ್‌ನಲ್ಲಿ ಅವರು ಲಾಗರ್ ರಿಕ್ವೈರ್ ಮಾಡುವುದನ್ನು ನಿಲ್ಲಿಸಿದರು. ಅವರ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ರೈಲ್ಸ್‌ನ ಭಾಗವಾದ, 7.1ಕ್ಕಿಂತ ಹಳೆಯ ಆ್ಯಕ್ಟಿವ್‌ಸಪೋರ್ಟ್, ಲಾಗರ್ ಅನ್ನು ತಾನು ರಿಕ್ವೈರ್ ಮಾಡುವ ಮೊದಲೇ ಬಳಸುತ್ತಿತ್ತು. ಅಲ್ಲಿಯವರೆಗೆ ಕನ್ಕರೆಂಟ್-ರೂಬಿ ಅದನ್ನು ಲೋಡ್ ಮಾಡಿಕೊಡುತ್ತಿದ್ದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ.

ಪರಿಹಾರ: ಬೂಟ್ ಫೈಲ್‌ನಲ್ಲಿ ರೈಲ್ಸ್‌ಗಿಂತ ಮೊದಲು ಲಾಗರ್ ರಿಕ್ವೈರ್ ಮಾಡಿ, ಅಥವಾ ಕನ್ಕರೆಂಟ್-ರೂಬಿಯನ್ನು 1.3.4ಕ್ಕೆ ನಿಲ್ಲಿಸಿ, ಅಥವಾ ರೈಲ್ಸ್ ಏರಿಸಿ. ಲಾಗರ್ ಬಳಸುವ ಪ್ರತಿ ಫೈಲ್‌ನಲ್ಲೂ ನೀವೇ ಅದನ್ನು ರಿಕ್ವೈರ್ ಮಾಡಿ. ಇನ್ನೊಬ್ಬರು ತಂದಿಟ್ಟಿರುತ್ತಾರೆ ಎಂದು ನಂಬಿ ಕೂರಬೇಡಿ.

ಜೆಮ್ ವರ್ಷನ್ ನೋಡಿದರೆ ಸಾಕಾ? ಒಳಗಿನ ಸಿ ಲೈಬ್ರರಿಗಳನ್ನೂ ನೋಡಬೇಕಾ?

ನೋಡಬೇಕು. ಓಪನ್‌ಎಸ್‌ಎಸ್‌ಎಲ್ ಎಂಬ ರೂಬಿ ಜೆಮ್ ಬೇರೆ, ಆಪರೇಟಿಂಗ್ ಸಿಸ್ಟಂನ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಬೇರೆ. ಜೆಮ್ ಒಳಗೆ ಎರಡು ಬೇರೆ ಬೇರೆ ಕಾನ್ಸ್ಟಂಟ್ ಇವೆ: ಒಂದು ಜೆಮ್ ವರ್ಷನ್ ಹೇಳುತ್ತದೆ, ಇನ್ನೊಂದು ಲೈಬ್ರರಿಯದು.

2022ರಲ್ಲಿ ಉಬುಂಟು 22.04 ಬಂದಾಗ ಇದು ಬಹಳ ಜನರಿಗೆ ಗೊತ್ತಾಯಿತು. ಅದರಲ್ಲಿದ್ದದ್ದು ಓಪನ್‌ಎಸ್‌ಎಸ್‌ಎಲ್ 3.0. ಅದಕ್ಕೆ ಹೊಂದುವ ಓಪನ್‌ಎಸ್‌ಎಸ್‌ಎಲ್ ಜೆಮ್ 3.0 ಬಂದದ್ದು ರೂಬಿ 3.1 ಜೊತೆ. ರೂಬಿ 3.0ರಲ್ಲಿ ಇದ್ದದ್ದು 2.2. ಹಾಗಾಗಿ ಹೊಸ ಉಬುಂಟು ಮೇಲೆ ಹಳೆಯ ರೂಬಿ ಕಂಪೈಲ್ ಮಾಡಿದರೆ ಓಪನ್‌ಎಸ್‌ಎಸ್‌ಎಲ್ ಭಾಗ ಸೋಲುತ್ತಿತ್ತು. ಓಪನ್‌ಎಸ್‌ಎಸ್‌ಎಲ್ 1.1.1 ಬೇರೆಯಾಗಿ ಕಟ್ಟಿಕೊಂಡು ಅದರ ಮೇಲೆ ರೂಬಿ ಕಟ್ಟಬೇಕಾಗುತ್ತಿತ್ತು. ಆ್ಯಪ್ ಕೋಡ್‌ನಲ್ಲಿ ಒಂದು ಅಕ್ಷರ ಬದಲಾಗದಿದ್ದರೂ ಸರ್ವರ್ ಬದಲಾಯಿಸಿದ ದಿನ ಕೆಲಸ ನಿಂತಿತು.

ರೂಬಿ 3.2ರಿಂದ ಇನ್ನೊಂದು ಬದಲಾವಣೆ. ಅಲ್ಲಿಯವರೆಗೆ ಸೈಕ್ ಬಳಸುವ ಲಿಬ್‌ಯಾಮಲ್ ಮತ್ತು ಫಿಡಲ್ ಬಳಸುವ ಲಿಬ್‌ಎಫ್‌ಎಫ್‌ಐ ಎಂಬ ಸಿ ಲೈಬ್ರರಿಗಳ ಸೋರ್ಸ್ ರೂಬಿ ಜೊತೆಗೇ ಬರುತ್ತಿತ್ತು. ಈಗ ಬರುವುದಿಲ್ಲ. ನೀವೇ ಕಂಪೈಲ್ ಮಾಡುವವರಾದರೆ ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಯಾಮಲ್‌ನ ಡೆವ್ ಪ್ಯಾಕೇಜ್ ಮೊದಲು ಹಾಕಿಕೊಳ್ಳಿ. ಇಲ್ಲದಿದ್ದರೆ ಸೈಕ್ ಕಟ್ಟಲಾಗುವುದಿಲ್ಲ.

ಭದ್ರತಾ ದೋಷ ಬಂದಾಗ ಈ ಪಟ್ಟಿಯಿಂದ ಏನು ಉಪಯೋಗ?

2023ರ ಮಾರ್ಚ್‌ನಲ್ಲಿ ಯುಆರ್‌ಐ ಜೆಮ್‌ನಲ್ಲಿ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ದೋಷ ಸಿಕ್ಕಿತು, ಅದರ ಅಧಿಕೃತ ನಂಬರ್ ಸಿವಿಇ-2023-28755. ಬೇಕೆಂದೇ ಕೆಟ್ಟದಾಗಿ ಬರೆದ ವಿಳಾಸ ಕೊಟ್ಟರೆ ಪಾರ್ಸರ್ ವಿಪರೀತ ಹೊತ್ತು ತೆಗೆದುಕೊಳ್ಳುತ್ತಿತ್ತು. ಸರಿಪಡಿಸಿದ ವರ್ಷನ್ ಒಂದಲ್ಲ. ರೂಬಿ 3.0 ಬಳಸುವವರಿಗೆ 0.10.2, 3.1ಕ್ಕೆ 0.11.1, 3.2ಕ್ಕೆ 0.12.1. ರೂಬಿ ಕಡೆಯಿಂದ 3.2.2, 3.1.4, 3.0.6, 2.7.8 ಒಟ್ಟಿಗೆ ಬಂದವು.

ಇಲ್ಲಿ 0.12.1ಕ್ಕಿಂತ ಕೆಳಗಿನದೆಲ್ಲ ಅಪಾಯ ಎಂದು ಸರಳವಾಗಿ ಲೆಕ್ಕ ಹಾಕಿದರೆ ತಪ್ಪು. ಆಗಿನ ಲೆಕ್ಕದಲ್ಲಿ 0.11.1 ಸುರಕ್ಷಿತವಾಗಿತ್ತು, 0.12.0 ಅಲ್ಲ. ಯಾವ ರೂಬಿಯಲ್ಲಿ ಯಾವ ಸಾಲಿನ ಯುಆರ್‌ಐ ಇದೆ ಎಂದು ಮೊದಲೇ ಬರೆದಿಟ್ಟುಕೊಂಡವರಿಗೆ ಯಾವ ಸರ್ವರ್ ಮುಟ್ಟಬೇಕು ಎಂದು ತಕ್ಷಣ ಗೊತ್ತಾಗುತ್ತದೆ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಕೊನೆಯ ಅಂಕಿ ಮಾತ್ರ ಬದಲಾದ ರಿಲೀಸ್‌ನಲ್ಲೂ ಒಳಗಿನ ಜೆಮ್ ಬದಲಾಗಬಹುದು. ಹಾಗಾಗಿ ಪಟ್ಟಿಯಲ್ಲಿ ಬರೀ 3.2 ಅಂತ ಬರೆಯಬೇಡಿ, 3.2.2 ಅಂತ ಪೂರ್ತಿ ಬರೆಯಿರಿ.

ಬಂಡಲ್ಡ್ ಜೆಮ್ ಆದರೆ ರೂಬಿಗಾಗಿ ಕಾಯಬೇಕಾಗಿಲ್ಲ. 2024ರಲ್ಲಿ ರೆಕ್ಸ್‌ಎಂಎಲ್‌ನಲ್ಲಿ ಒಂದರ ಹಿಂದೆ ಒಂದು ದೋಷ ಸಿಕ್ಕಿ, 3.2.7ರಿಂದ 3.3.9ರವರೆಗೆ ಹಲವು ಸಲ ಪ್ಯಾಚ್ ಬಂತು. ಅದನ್ನು ಜೆಮ್‌ಫೈಲ್‌ನಲ್ಲಿ ಇಟ್ಟುಕೊಂಡವರು ಪ್ರತಿ ಸಲ ಬಂಡಲ್ ಅಪ್‌ಡೇಟ್ ಕೊಟ್ಟು ಮುಂದೆ ಹೋದರು.

ಡೆಬಿಯನ್ ಅಥವಾ ಫೆಡೋರಾದ ರೂಬಿ ಬಳಸಿದರೆ ಪಟ್ಟಿ ಅದೇನಾ?

ಅದೇ ಇರಬೇಕೆಂದಿಲ್ಲ. ಈ ಲಿನಕ್ಸ್ ಡಿಸ್ಟ್ರೊಗಳು ರೂಬಿಯನ್ನು ತುಂಡು ಮಾಡಿ ಕೆಲವು ಜೆಮ್‌ಗಳನ್ನು ಬೇರೆ ಪ್ಯಾಕೇಜ್‌ನಲ್ಲಿ ಕೊಡುತ್ತವೆ. ಡೆಬಿಯನ್‌ನಲ್ಲಿ ರೇಕ್, ಟೆಸ್ಟ್-ಯೂನಿಟ್ ಬೇರೆ ಪ್ಯಾಕೇಜ್. ಭದ್ರತಾ ಪ್ಯಾಚ್ ಹಾಕುವಾಗ ಸಾಮಾನ್ಯವಾಗಿ ಜೆಮ್ ನಂಬರ್ ಹಾಗೇ ಬಿಟ್ಟು ಕೋಡ್ ಮಾತ್ರ ಸರಿಪಡಿಸುತ್ತಾರೆ. ನಂಬರ್ ಹಳೆಯದಾಗಿ ಕಂಡರೂ ದೋಷ ಹೋಗಿರಬಹುದು. ಅಲ್ಲಿ ಪ್ಯಾಕೇಜ್‌ನ ಚೇಂಜ್‌ಲಾಗ್ ನೋಡಿ.

ನಾನು ಜೆಮ್ ಬರೆಯುತ್ತೇನೆ. ಸಿಎಸ್‌ವಿಯನ್ನು ಡಿಪೆಂಡೆನ್ಸಿ ಎಂದು ಬರೆದರೆ ಹಳೆಯ ರೂಬಿಯವರಿಗೆ ತೊಂದರೆ ಆಗುತ್ತದಾ?

ಸಾಮಾನ್ಯವಾಗಿ ಇಲ್ಲ. ನೀವು ಕೇಳಿದ ಮಿತಿಯೊಳಗೆ ಅವರ ಡಿಫಾಲ್ಟ್ ವರ್ಷನ್ ಬಂದರೆ ಅದೇ ಸಾಕಾಗಬಹುದು. ಇಲ್ಲದಿದ್ದರೆ ಹೊಸದು ಡೌನ್‌ಲೋಡ್ ಆಗುತ್ತದೆ. ಹಾಗಾಗಿ ಕನಿಷ್ಠ ವರ್ಷನ್ ಮಿತಿಯನ್ನು ಸುಮ್ನೆ ಮೇಲಕ್ಕೆ ಏರಿಸಬೇಡಿ. ನೀವು ಬೆಂಬಲಿಸುವ ಅತಿ ಹಳೆಯ ರೂಬಿಯಲ್ಲಿ ಯಾವುದು ಇದೆ ನೋಡಿ, ನಿಮ್ಮ ಕೋಡ್‌ಗೆ ಅದು ಸಾಕಾದರೆ ಅಲ್ಲಿಂದಲೇ ಶುರು ಮಾಡಿ.

ಬಿಗ್‌ಡೆಸಿಮಲ್, ರ್‍ಯಾಕ್, ಎನ್‌ಕೆಎಫ್‌ಗಳಲ್ಲಿ ಸಿ ಕೋಡ್ ಇದೆ. ಹೊಸ ವರ್ಷನ್ ಕೇಳಿದರೆ ಬಳಸುವವರ ಮೆಷಿನ್‌ನಲ್ಲಿ ಕಂಪೈಲರ್ ಬೇಕು. ಸ್ಲಿಮ್ ಡಾಕರ್ ಇಮೇಜ್‌ನಲ್ಲಿ ಅದು ಇರುವುದಿಲ್ಲ. ಆದರೂ ಬರೆಯದೇ ಬಿಡುವುದಕ್ಕಿಂತ ಬರೆಯುವುದೇ ಒಳ್ಳೆಯದು. ಆ್ಯಕ್ಟಿವ್‌ಸಪೋರ್ಟ್ 7.1 ಕೂಡ ಬೇಸ್64, ಬಿಗ್‌ಡೆಸಿಮಲ್, ಡಿಆರ್‌ಬಿ, ಮ್ಯೂಟೆಕ್ಸ್-ಎಂ ಜೆಮ್‌ಗಳನ್ನು ಹೀಗೇ ಬರೆದುಕೊಂಡಿತು.

ಜೆರೂಬಿ ಬಳಸುವವರಿಗೆ?

ಜೆರೂಬಿ ಅಂದರೆ ಜಾವಾ ಮೇಲೆ ಓಡುವ ರೂಬಿ. ಜೆರೂಬಿ 9.4 ರೂಬಿ 3.1ಕ್ಕೆ ಹೊಂದುತ್ತದೆ, ಜೆರೂಬಿ 10 ರೂಬಿ 3.4ಕ್ಕೆ. ಹಾಗಂತ ಒಳಗಿನ ಜೆಮ್ ವರ್ಷನ್‌ಗಳು ಅಂಕಿ ಅಂಕಿಗೂ ಒಂದೇ ಇರುತ್ತವೆ ಎಂದು ತಿಳಿಯಬೇಡಿ. ಸಿ ಕೋಡ್ ಇರುವ ಕಡೆ ಅಲ್ಲಿ ಜಾವಾ ಕೋಡ್ ಇರುತ್ತದೆ. ಜೆರೂಬಿಗೆ ಪಟ್ಟಿಯಲ್ಲಿ ಬೇರೆ ಕಾಲಂ ಇಡಿ.

ಬೇರೆ ಭಾಷೆಗಳಲ್ಲಿ ಈ ಲೆಕ್ಕ ಹೇಗೆ?

ಪರ್ಲ್‌ನವರು ಎಲ್ಲರಿಗಿಂತ ಮುಂದೆ. ಅವರ ಮಾಡ್ಯೂಲ್ ಕೋರ್‌ಲಿಸ್ಟ್ ಪರ್ಲ್ ಒಳಗೇ ಇದೆ. ಕೋರ್‌ಲಿಸ್ಟ್ ಕಮಾಂಡ್‌ಗೆ ಒಂದು ಮಾಡ್ಯೂಲ್ ಹೆಸರು ಕೊಟ್ಟರೆ ಅದು ಮೊದಲು ಯಾವ ಪರ್ಲ್‌ನಲ್ಲಿ ಬಂತು ಎಂದು ಹೇಳುತ್ತದೆ. ರೂಬಿಗೂ ಇಂಥದ್ದೊಂದು ಒಳಗೇ ಇರಬೇಕು ಎಂಬುದು ನನ್ನ ಬಲವಾದ ಆಸೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಪ್ರೋಸೆಸ್ ಆಬ್ಜೆಕ್ಟ್‌ನ ವರ್ಷನ್ಸ್ ನೋಡಿದರೆ ವಿ8, ಓಪನ್‌ಎಸ್‌ಎಸ್‌ಎಲ್ ಮುಂತಾದ ಒಳಗಿನ ಲೈಬ್ರರಿಗಳು ಸಿಗುತ್ತವೆ. ಪೈಥಾನ್ ಸ್ಟ್ಯಾಂಡರ್ಡ್ ಲೈಬ್ರರಿ ಭಾಷೆಯ ಜೊತೆಗೇ ನಡೆಯುತ್ತದೆ. ಅಲ್ಲಿ ನೋಡಬೇಕಾದದ್ದು ಏನು ಹೋಯಿತು ಎಂಬುದನ್ನು. 2024ರ ಅಕ್ಟೋಬರ್‌ನ 3.13ರಲ್ಲಿ ಸಿಜಿಐ, ಟೆಲ್‌ನೆಟ್‌ಲಿಬ್ ಸೇರಿ 19 ಹಳೆಯ ಮಾಡ್ಯೂಲ್‌ಗಳನ್ನು ತೆಗೆದರು.

ನಮ್ಮ ತಂಡಕ್ಕೆ ಇಂಥ ಪಟ್ಟಿ ಇಟ್ಟುಕೊಳ್ಳುವುದು ಹೇಗೆ?

ದೊಡ್ಡ ಟೂಲ್ ಬೇಡ. ನೀವು ಬಳಸುವ ಪ್ರತಿ ರೂಬಿಯ ಡಾಕರ್ ಇಮೇಜ್‌ನಲ್ಲಿ ಜೆಮ್ ಲಿಸ್ಟ್ ಓಡಿಸಿ, ಬಂದದ್ದನ್ನು ರೂಬಿಯ ಪೂರ್ತಿ ವರ್ಷನ್ ಹೆಸರಿನ ಟೆಕ್ಸ್ಟ್ ಫೈಲ್‌ನಲ್ಲಿ ಉಳಿಸಿ. ಓಪನ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಯಾಮಲ್ ವರ್ಷನ್‌ಗಳನ್ನೂ ಅದೇ ಫೈಲಿನ ಕೊನೆಗೆ ಸೇರಿಸಿ. ಈ ಫೈಲ್‌ಗಳನ್ನು ಪ್ರಾಜೆಕ್ಟ್ ರೆಪೊಸಿಟರಿಯಲ್ಲೇ ಇಡಿ. ಅಪ್‌ಗ್ರೇಡ್ ಮಾಡುವ ದಿನ ಹಳೆಯ ಫೈಲ್, ಹೊಸ ಫೈಲ್ ಎರಡಕ್ಕೂ ಡಿಫ್ ಹಾಕಿ. ಮೊದಲು ಡಿಫಾಲ್ಟ್ ಗುರುತು ಕಳೆದುಕೊಂಡ ಸಾಲುಗಳನ್ನು ನೋಡಿ. ಆಮೇಲೆ ಪೂರ್ತಿ ಮಾಯವಾದವು. ಕೊನೆಗೆ ವರ್ಷನ್‌ನ ಮೊದಲ ಅಂಕಿ ಬದಲಾದವು, ಅವುಗಳ ಚೇಂಜ್‌ಲಾಗ್ ಓದಲೇಬೇಕು.

ಈ ಪಟ್ಟಿ ಹಿಡಿದು ನಿಮ್ಮ ಕೋಡ್‌ನಲ್ಲಿ ರಿಕ್ವೈರ್ ಎಂಬ ಪದ ಹುಡುಕಿ. ಸಿಕ್ಕ ಪ್ರತಿ ಹೆಸರೂ ಜೆಮ್‌ಫೈಲ್‌ನಲ್ಲಿ ಇದೆಯಾ ನೋಡಿ. ಡಿಫಾಲ್ಟ್ ಆಗಿದ್ದರೂ ಪರವಾಗಿಲ್ಲ, ಬರೆದುಬಿಡಿ.

ಇದನ್ನೆಲ್ಲ ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ಒಂದು ರೂಬಿಗೆ ಸುಮಾರು 3 ವರ್ಷ ಬೆಂಬಲ ಸಿಗುತ್ತದೆ, ಅದರಲ್ಲಿ ಕೊನೆಯ ವರ್ಷ ಭದ್ರತಾ ಪ್ಯಾಚ್ ಮಾತ್ರ. ಹಾಗಾಗಿ ಜನವರಿಯಲ್ಲಿ ಒಮ್ಮೆ, ಹೊಸ ರಿಲೀಸ್ ಬಂದ ಮೇಲೆ, ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ವ್ಯವಸ್ಥೆ) ಅದನ್ನೂ ಸೇರಿಸಿ ಟೆಸ್ಟ್ ಓಡಿಸಿ, ಹೊಸ ಟೆಕ್ಸ್ಟ್ ಫೈಲ್ ತೆಗೆದಿಡಿ. ಪ್ರೊಡಕ್ಷನ್ ಆಮೇಲೆ ಏರಿಸಿದರೂ ಆಗುತ್ತದೆ. ನಡುವೆ ಭದ್ರತಾ ರಿಲೀಸ್ ಬಂದರೆ ಆ ದಿನವೇ ಇನ್ನೊಮ್ಮೆ.